ಕೈಚೀಲದಲ್ಲೊಂದು ಚಾಕು

ಹೆಂಗಸರ ಕೈಚೀಲದಲ್ಲಿ ಏನೇನಿರುತ್ತದೆ ಎಂದು ಪಟ್ಟಿ ಮಾಡಲು ಹೊರಟರೆ ಈ ಪುಟ ಸಾಲದು. ಸೇಫ್ಟಿ ಪಿನ್ನು, ತಲೆನೋವಿನ ಮಾತ್ರೆ, ದೇವಸ್ಥಾನದ ಕುಂಕುಮದ ಪೊಟ್ಟಣ, ಬಸ್ಸಿನ ಹಳೇ ಟಿಕೇಟು, ಮಡಚಿಟ್ಟ ಇನ್ನೊಂದು ಚೀಲ. ಇವನ್ನೆಲ್ಲ ಕೇಳಿ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಒಂದು ಚಾಕೂ ಇದೆ ಎಂದು ಹೇಳಿ ನೋಡಿ, ಎದುರಿಗಿದ್ದವರ ಹುಬ್ಬು ಮೇಲೇರುತ್ತದೆ. ಮನೆಯಲ್ಲಿ ನಾವು ಬೆಳಗಾದರೆ ಮೆಟ್ಟುಗತ್ತಿಯ ಮುಂದೆ ಕೂತವರೇ. ಸೌತೆಕಾಯಿ, ಬಾಳೆದಿಂಡು, ಎಳೆ ಹಲಸಿನಕಾಯಿ ಎಲ್ಲವೂ ಆ ಅಲಗಿಗೇ. ಆಗ ಯಾರಿಗೂ ಹೆದರಿಕೆಯಿಲ್ಲ. ಅದೇ ಹೆಂಗಸು ಮೂರಿಂಚಿನ ಮಡಚು ಚಾಕನ್ನು ಚೀಲದಲ್ಲಿ ಹಾಕಿಕೊಂಡು ಹೊಸಿಲು ದಾಟಿದರೆ, "ಎಂತಕ್ಕೆ ಮಾರಾಯ್ತಿ, ಯಾರನ್ನು ಇರಿಯಲಿಕ್ಕೆ?" ಎಂಬ ಪ್ರಶ್ನೆ!

ಈ ಪ್ರಶ್ನೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾದದ್ದು ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ. ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ ಹಿಡಿದು ಇರುವುದೆಂದು ತೀರ್ಮಾನವಾಗಿತ್ತು. ಸಾಮಾನು ಕಟ್ಟುವಾಗ ಅತ್ತೆಯವರು, "ಕೂಸಿನ ಚೀಲದಲ್ಲಿ ಒಂದು ಚಾಕು ಇರಲಿ. ಕಾಲ ಕೆಟ್ಟಿದೆ" ಅಂದರು. ನಮ್ಮವರು ತಕ್ಷಣ, "ಬೇಡವೇ ಬೇಡ. ಚಾಕು ಇಟ್ಟುಕೊಂಡು ತಿರುಗಿದರೆ ಪೊಲೀಸರು ಹಿಡಿದು ಕೂರಿಸ್ತಾರೆ" ಅಂದರು. ಮಗಳು ನಗುತ್ತ, "ಅಮ್ಮ, ನೀನೇ ಹೇಳು" ಎಂದು ನನ್ನ ಕಡೆ ನೋಡಿದಳು. ಅತ್ತೆಯವರ ಮಾತಿನ ಹಿಂದಿನ ಭಯ ನನ್ನ ಎದೆಯಲ್ಲೂ ಇತ್ತು. ಹೆಣ್ಣುಮಗಳನ್ನು ದೂರ ಕಳಿಸುವ ಯಾವ ತಾಯಿಗೆ ಅದಿಲ್ಲ? ಆದರೂ ನಾನು ಹೇಳಿದ್ದು ಇಷ್ಟು: "ಚಾಕು ಇರಲಿ, ಆದರೆ ಹಣ್ಣು ಹೆಚ್ಚಲಿಕ್ಕೆ. ಹೆದರಿಕೆಗೆ ಅದು ಮದ್ದಲ್ಲ." ಇಬ್ಬರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಎಂಥ ಚಾಕು ಎಂಬುದನ್ನು ಆರಿಸುವ ಜವಾಬ್ದಾರಿ ಮಾತ್ರ ನನ್ನ ಮೇಲೆ ಬಿತ್ತು.

ನನ್ನ ತವರು ಭಟ್ಕಳ, ಸೇರಿದ ಮನೆ ಹೊನ್ನಾವರ, ಅಕ್ಕನನ್ನು ಕೊಟ್ಟದ್ದು ಕುಮಟೆಯ ಹತ್ತಿರ. ಭಟ್ಕಳದಿಂದ ಕುಮಟೆಗೆ ಹೆದ್ದಾರಿಯಲ್ಲಿ 60 ಕಿ.ಮೀ. ಆಸುಪಾಸು. ಇಷ್ಟು ದಾರಿಯೊಳಗೆ ಮೂರು ಬಗೆಯ ಚಾಕುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಮೊದಲನೆಯದು ಭಟ್ಕಳದ ಫಾರಿನ್ ಚಾಕು. ಅಲ್ಲಿಯ ಎಷ್ಟೋ ಮನೆಗಳ ಗಂಡುಮಕ್ಕಳು ದುಡಿಯುವುದು ಗಲ್ಫ್ ದೇಶಗಳಲ್ಲಿ. ಅವರು ರಜೆಗೆ ಬಂದರೆ ಸೂಟ್‌ಕೇಸಿನಲ್ಲಿ ಸೆಂಟು, ಸಾಬೂನಿನ ಜೊತೆ ಇದೂ ಇರುತ್ತಿತ್ತು. ತವರಿನ ಪಕ್ಕದ ಮನೆಯ ನವಾಯತ ಅಮ್ಮನಿಗೆ ಮಗ ದುಬಾಯಿಯಿಂದ ತಂದ ಕೆಂಪು ಹಿಡಿಯ ಚಾಕು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಿಡಿಸಿದರೆ ದೊಡ್ಡ ಅಲಗು, ಸಣ್ಣ ಅಲಗು, ಕತ್ತರಿ, ಡಬ್ಬಿ ತೆರೆಯುವುದು, ತಿರುಪು ಬಿಚ್ಚುವುದು, ಹಲ್ಲುಕಡ್ಡಿ! "ಇಷ್ಟೆಲ್ಲ ಇದ್ದರೂ ನನಗೆ ಬೇಕಾದದ್ದು ಸಣ್ಣ ಅಲಗು ಮತ್ತು ಕತ್ತರಿ ಮಾತ್ರ" ಎಂದು ಅವರು ಹೇಳುತ್ತಿದ್ದರು. ಇಂಥ ಚಾಕಿಗೆ ಹೆಸರಾದದ್ದು ಸ್ವಿಟ್ಜರ್ಲೆಂಡ್. ಅಲ್ಲಿ 1884ರಲ್ಲಿ ಕಾರ್ಲ್ ಎಲ್ಸೆನರ್ ಎಂಬವರು ಚಾಕು ಮಾಡುವ ಕಾರ್ಖಾನೆ ಇಟ್ಟರು. ಹಲವು ಸಲಕರಣೆಗಳ ಆ ಪ್ರಸಿದ್ಧ ಚಾಕು ನೋಂದಣಿಯಾದದ್ದು 1897ರಲ್ಲಿ. 1909ರಲ್ಲಿ ತಾಯಿ ತೀರಿಕೊಂಡಾಗ ಅವರ ಹೆಸರಾದ ವಿಕ್ಟೋರಿಯಾವನ್ನೇ ತಮ್ಮ ಸರಕಿಗೆ ಇಟ್ಟರು. ಮುಂದೆ 1921ರಲ್ಲಿ, ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ 'ಇನಾಕ್ಸ್' ಸೇರಿ ಅದು 'ವಿಕ್ಟೋರಿನಾಕ್ಸ್' ಆಯಿತು. ಸೈನಿಕರ ಜೇಬಿನ ಚಾಕಿಗೆ ಒಬ್ಬ ತಾಯಿಯ ಹೆಸರು, ನೋಡಿ.

ಎರಡನೆಯದು ಹೊನ್ನಾವರದ ನಮ್ಮ ಮನೆಯ ಚಾಕು. ಮಾವನವರ ಎಲೆವಸ್ತ್ರದಲ್ಲಿ ವೀಳ್ಯದೆಲೆ, ಸುಣ್ಣದ ಡಬ್ಬಿ, ಅಡಕತ್ತರಿಯ ಪಕ್ಕದಲ್ಲಿ ಒಂದು ಪುಟ್ಟ ಮಡಚು ಚಾಕು ಇರುತ್ತಿತ್ತು. ಕಪ್ಪು ಉಕ್ಕಿನದು. ಮಸೆದು ಮಸೆದು ಅಲಗು ಅರ್ಧ ಸವೆದಿತ್ತು. ತೋಟದಲ್ಲಿ ಎಲೆಬಳ್ಳಿ ಕಟ್ಟುವ ನಾರು ಕೊಯ್ಯುವುದಕ್ಕೆ, ದಾರಿಯಲ್ಲಿ ಸಿಕ್ಕಿದ ಮಾವಿನಕಾಯಿ ಸೀಳುವುದಕ್ಕೆ, ಮೊಮ್ಮಕ್ಕಳ ಪೆನ್ಸಿಲ್ ಚೂಪು ಮಾಡುವುದಕ್ಕೆ ಅದೇ. ಅದನ್ನು ಅವರು ಚಾಕು ಎನ್ನುವುದಕ್ಕಿಂತ ಎಲೆ ಅಡಿಕೆಯ ಒಂದು ಭಾಗ ಎಂದೇ ತಿಳಿದಿದ್ದರು. ಗಂಡಸರ ಸೊಂಟದಲ್ಲಿ ಅಂಥದ್ದಿದ್ದರೆ ಯಾರೂ ಯಾಕೆ ಎಂದು ಕೇಳಿದ್ದಿಲ್ಲ.

ಮೂರನೆಯದು ಕುಮಟೆ ಕಡೆಯ ಆಚಾರಿಯ ಕುಲುಮೆಯಲ್ಲಿ ಬಡಿದು ಮಾಡಿದ್ದು. ಮಡಚಲಿಕ್ಕೆ ಬರುವುದಿಲ್ಲ, ಮರದ ಹಿಡಿ. ಬೇಸಿಗೆಯಲ್ಲಿ ಅಳ್ವೇಕೋಡಿ, ಹಂದಿಗೋಣದ ರಸ್ತೆಬದಿಯಲ್ಲಿ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿ ಮಾರುವುದನ್ನು ನೀವೆಲ್ಲ ಕಂಡಿದ್ದೀರಿ. ಅಕ್ಕನ ಊರಿನ ಕಡೆ ಆ ಗೊಂಚಲು ಕಟ್ಟುವ ಹೆಂಗಸರ ಪಕ್ಕದಲ್ಲಿ ಇಂಥದೊಂದು ಕತ್ತಿ ಇದ್ದೇ ಇರುತ್ತದೆ. ಹಾಲಕ್ಕಿ ಒಕ್ಕಲಿಗರು ಕಾಡಿಗೆ, ಗದ್ದೆಗೆ ಹೊರಟರೆ ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಹೊರಡುವುದು. ಗಟ್ಟಿತನದಲ್ಲಿ ಇದನ್ನು ಮೀರಿಸುವುದಿಲ್ಲ. ಆದರೆ ಬಸ್ಸಿನಲ್ಲಿ ಓಡಾಡುವವರ ಕೈಚೀಲಕ್ಕೆ ಇದು ಹೇಳಿದ್ದಲ್ಲ.

ಹಾಗಾದರೆ ನಮಗೆ ಬೇಕಾದದ್ದು ಯಾವುದು? ಅಂಗಡಿಗೆ ಹೋಗುವ ಮೊದಲು ನಾನು ಒಂದು ವಾರ ಹೊರಗೆ ಓಡಾಡುವಾಗ "ಛೇ, ಈಗೊಂದು ಚಾಕು ಇದ್ದಿದ್ದರೆ" ಅನ್ನಿಸಿದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಬಸ್ಸಿನಲ್ಲಿ ಪೇರಲೆಹಣ್ಣು ಹೆಚ್ಚಲು. ಭಟ್ಕಳ ಮಲ್ಲಿಗೆಯ ದಂಡೆಯನ್ನು ನಾದಿನಿಯೊಡನೆ ಹಂಚಿಕೊಳ್ಳುವಾಗ ಬಾಳೆನಾರು ಕತ್ತರಿಸಲು. ಹಾಲಿನ ಪ್ಯಾಕೆಟ್ಟಿಗೆ. ಪಾರ್ಸೆಲ್ಲಿನ ಟೇಪಿಗೆ. ಹಿತ್ತಿಲಿನವರು ಕೊಟ್ಟ ದಾಸವಾಳದ ಗೆಲ್ಲು ಕೊಯ್ಯಲು. ಮದುವೆ ಮನೆಯಲ್ಲಿ ತೋರಣದ ಹಗ್ಗ ಬಿಚ್ಚಲು. ಓದಿ ನೋಡಿದರೆ ಒಂದಕ್ಕೂ ಮೂರಿಂಚಿಗಿಂತ ಉದ್ದದ ಅಲಗು ಬೇಕಿರಲಿಲ್ಲ. ಮತ್ತೆ, ಈ ಒಂದೊಂದು ಕೆಲಸಕ್ಕೂ ನಾನು ಯಾರನ್ನೋ ಕೂಗಿದ್ದೆ, ಇಲ್ಲವೇ ಹಲ್ಲಿನಿಂದ ಕಚ್ಚಿ ಎಳೆದಿದ್ದೆ! ಪಕ್ಕದ ಸೀಟಿನ ಗಂಡಸರ ಮುಖ ನೋಡುವುದು, ಬಾಗಿಲಲ್ಲಿ ಪಾರ್ಸೆಲ್ಲು ಇಟ್ಟುಕೊಂಡು ಯಜಮಾನರು ಬರುವವರೆಗೆ ಕಾಯುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದು ಪರಾಧೀನತೆ ಎಂದು ತೋರುವುದೇ ಇಲ್ಲ. ಚಿಕ್ಕದೊಂದು ಚಾಕು ಸ್ವಂತದ್ದಾಗಿ ಇರಬೇಕೆಂದು ನಾನು ಹೇಳುವುದು ಇದಕ್ಕೆ.

ಈಗ ಆರಿಸುವ ವಿಷಯ. ಅಲಗು ಎರಡೂವರೆಯಿಂದ ಮೂರು ಇಂಚು ಇದ್ದರೆ ಸಾಕು. ಮಡಚಿದಾಗ ಮೊನೆ ಪೂರ್ತಿ ಹಿಡಿಯೊಳಗೆ ಅಡಗಬೇಕು. ಕೂದಲೆಳೆಯಷ್ಟು ಹೊರಗಿದ್ದರೂ ಚೀಲದ ಅಸ್ತರಿ ಹರಿಯುತ್ತದೆ, ಇಲ್ಲವೇ ಚಾಕಲೇಟು ಹುಡುಕುವ ಮಗುವಿನ ಬೆರಳು ಕೊಯ್ಯುತ್ತದೆ. ಬಿಡಿಸಿದ ಮೇಲೆ ಅಲಗನ್ನು ಅತ್ತಿತ್ತ ಅಲುಗಿಸಿ ನೋಡಿ, ಗಡಗಡ ಎನ್ನಬಾರದು. ಬಿಡಿಸಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆ ಇರುವುದು ಉತ್ತಮ. ಕೆಲವದರಲ್ಲಿ ಹಿಂಬದಿ ಒತ್ತಿದರೆ ಮಾತ್ರ ಮಡಚುತ್ತದೆ. ಫ್ರಾನ್ಸಿನ ಓಪಿನೆಲ್ ಎಂಬ ಮರದ ಹಿಡಿಯ ಚಾಕಿನಲ್ಲಿ 1955ರಿಂದ ಒಂದು ಉಂಗುರವಿದೆ, ತಿರುಗಿಸಿದರೆ ಅಲಗು ನಿಲ್ಲುತ್ತದೆ. ಬರೀ ಸ್ಪ್ರಿಂಗ್ ಇರುವ ಚಾಕಾದರೆ ಮೊನೆಯಿಂದ ಚುಚ್ಚುವ ಕೆಲಸ ಮಾಡಬೇಡಿ, ಬೆರಳ ಮೇಲೆ ಮಡಚಿಕೊಳ್ಳುತ್ತದೆ.

ಬಿಡಿಸಲು ಉಗುರು ಸಿಕ್ಕಿಸುವ ಗೀರು ಇರುತ್ತದಲ್ಲ, ಅದನ್ನು ಅಂಗಡಿಯಲ್ಲೇ ನಾಲ್ಕು ಸಲ ಬಿಡಿಸಿ, ಮಡಚಿ ನೋಡಿ. ಅಂಗಡಿಯವರು ಬಿಡಿಸಿ ತೋರಿಸಿದ್ದನ್ನು ನಂಬಬೇಡಿ, ಉಪಯೋಗಿಸುವುದು ನಿಮ್ಮ ಕೈ. ಒದ್ದೆ ಕೈಯಲ್ಲಿ ಜಾರುವ ನುಣುಪು ಹಿಡಿ ಬೇಡ. ಕೆಂಪು, ಹಳದಿ ಬಣ್ಣದ್ದಾದರೆ ಹುಲ್ಲಿನಲ್ಲಿ ಬಿದ್ದರೂ ಕಾಣುತ್ತದೆ. ಗುಂಡಿ ಒತ್ತಿದರೆ ಚಿಮ್ಮಿ ಹೊರಬರುವ, ಸಿನಿಮಾ ಖಳನಾಯಕರ ಕೈಯಲ್ಲಿ ಕಾಣುವಂಥ ಚಾಕನ್ನಂತೂ ಮುಟ್ಟಲೇಬೇಡಿ.

ಇನ್ನು ಉಕ್ಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ. ಆಷಾಢದಲ್ಲಿ ಕಪಾಟಿನೊಳಗಿನ ಸೀರೆಯೇ ಬೂಷ್ಟು ಹಿಡಿಯುವಾಗ ಕಬ್ಬಿಣದ ಪಾಡೇನು? ಮಾವನವರ ಚಾಕಿನಂಥ ಕಪ್ಪು ಉಕ್ಕಿಗೆ ಹರಿತ ಬೇಗ ಬರುತ್ತದೆ, ಆದರೆ ಒಂದು ರಾತ್ರಿ ಒದ್ದೆ ಬಿಟ್ಟರೆ ತುಕ್ಕು. ಬಾಳೆಕಾಯಿ, ಮಾವಿನಮಿಡಿ ಕೊಯ್ದರೆ ಅವುಗಳ ಒಗರು ಕಬ್ಬಿಣದೊಡನೆ ಕೂಡಿ ಅಲಗೂ ಕಪ್ಪು, ಹೋಳೂ ಕಪ್ಪು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಬೆರೆತಿರುವುದರಿಂದ ಈ ತೊಂದರೆ ಕಡಿಮೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು ಬಂದೂಕಿನ ನಳಿಗೆ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದಾಗ ತುಕ್ಕು ಹಿಡಿಯದ ಇಂಥ ಉಕ್ಕು ಕೈಗೆ ಬಂತಂತೆ. ಬಂದೂಕಿಗೆಂದು ಹುಡುಕಿದ್ದು ಅಡಿಗೆಮನೆಗೆ ಬಂದು ಸೇರಿತು. ಉಪ್ಪಿನಕಾಯಿ ಹಾಕುವ ನಮ್ಮ ಸೀಮೆಯವರು ಕೈಚೀಲಕ್ಕೆ ಸ್ಟೇನ್‌ಲೆಸ್ ಆರಿಸುವುದೇ ಲೇಸು.

ಯಾವ ಉಕ್ಕೇ ಆಗಲಿ, ಉಪಯೋಗಿಸಿದ ಮೇಲೆ ತೊಳೆದು, ಒರೆಸಿ, ಒಣಗಿಸಿಯೇ ಮಡಚಿ. ಮಡಚುವ ಸಂದಿಗೆ ತಿಂಗಳಿಗೊಮ್ಮೆ ಒಂದು ಹನಿ ತೆಂಗಿನೆಣ್ಣೆ ಬಿಡಿ. ಹಲಸಿನ ಮೇಣ ಅಂಟಿದ್ದಕ್ಕೂ ತೆಂಗಿನೆಣ್ಣೆಯೇ ಮದ್ದು. ಹರಿತ ಹೋದರೆ ಅಂಗಳದ ಚಿರೆಕಲ್ಲಿಗೆ ಉಜ್ಜಬೇಡಿ, ಅಲಗು ಗರಗಸವಾಗುತ್ತದೆ. ನುಣುಪಾದ ಮಸೆಗಲ್ಲಿಗೆ ನೀರು ಹಾಕಿ, ಎರಡೂ ಬದಿ ಒಂದೇ ಓರೆಯಲ್ಲಿ ಮಸೆಯಿರಿ. ಕಲ್ಲಿಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಕವುಚಿ, ತಳದ ಹೊಳಪಿಲ್ಲದ ಅಂಚಿಗೆ ನಾಲ್ಕು ಸಲ ಎಳೆದರೂ ಆದೀತು. ಹರಿತವನ್ನು ಟೊಮೆಟೊ ಸಿಪ್ಪೆಯ ಮೇಲೆ ನೋಡಿ, ಹೆಬ್ಬೆರಳ ಮೇಲಲ್ಲ. ಮೊಂಡು ಚಾಕಿನಿಂದಲೇ ಹೆಚ್ಚು ಗಾಯವಾಗುವುದು. ಜೋರು ಹಾಕುತ್ತೇವೆ, ಅದು ಜಾರುತ್ತದೆ. ಕೊಯ್ದುಕೊಂಡರೆ ಕಾಫಿಪುಡಿ, ಅರಿಸಿನ ಮೆತ್ತಬೇಡಿ. ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಅದುಮಿ ಹಿಡಿಯಿರಿ. ಗಾಯ ಆಳವಾಗಿದ್ದರೆ, ರಕ್ತ ನಿಲ್ಲದಿದ್ದರೆ ಡಾಕ್ಟರ ಬಳಿ ಹೋಗಿ.

ನಮ್ಮವರು ಎತ್ತಿದ ಕಾನೂನಿನ ಮಾತಿಗೆ ಬರೋಣ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೆಸರಿಸಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು; ಅದರಲ್ಲೂ ಮನೆಬಳಕೆಗೆ, ಬೇಸಾಯಕ್ಕೆ ಎಂದು ಮಾಡಿದವುಗಳನ್ನು ಬಿಟ್ಟು. ನಮ್ಮ ಮೂರಿಂಚಿನದು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಎಲ್ಲ ಕಡೆ ಒಯ್ಯಬಹುದೆಂದಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ, ಬೇರೆಯಾಗಿ ಒಪ್ಪಿಸುವ ಪೆಟ್ಟಿಗೆಯಲ್ಲಿಡಬೇಕು. ಚೀಲ ತಪಾಸಣೆ ಮಾಡುವ ಕಡೆ ಹೋಗುವ ದಿನ ಮನೆಯಲ್ಲೇ ಬಿಡುವುದು ಜಾಣತನ.

ಅತ್ತೆಯವರ ಭಯಕ್ಕೆ ಉತ್ತರ ಹೇಳುವುದು ಇಷ್ಟು ಸುಲಭವಿರಲಿಲ್ಲ. ಅವರ ಪಕ್ಕ ಕೂತು ನಿಧಾನವಾಗಿ ಹೇಳಿದೆ: "ಅತ್ತೆ, ಮೈಮೇಲೆ ಏರಿ ಬಂದವನ ಎದುರು ಈ ಹುಡುಗಿ ಚೀಲದಿಂದ ಚಾಕು ಹುಡುಕಿ, ಉಗುರು ಹಾಕಿ ಬಿಡಿಸುವಷ್ಟರಲ್ಲಿ ಏನಾಗಬೇಕೋ ಆಗಿರುತ್ತದೆ. ಅವನೇ ಅದನ್ನು ಕಿತ್ತುಕೊಂಡರೆ? ಆ ಹೊತ್ತಿಗೆ ಬೇಕಾದದ್ದು ಕೂಗುವ ಗಂಟಲು, ಓಡುವ ಕಾಲು, ಜನರಿರುವ ಜಾಗ." ಮಗಳ ಫೋನಿನಲ್ಲಿ ತುರ್ತು ಸಹಾಯದ 112, ಮಹಿಳಾ ಸಹಾಯವಾಣಿ 181 ಎರಡನ್ನೂ ಅವರ ಎದುರಿಗೇ ಹಾಕಿಸಿದೆವು. ರಾತ್ರಿ ತಡವಾಗುವ ದಿನ ಗೆಳತಿಯರಲ್ಲೊಬ್ಬಳಿಗೆ, ನಮಗೆ ತಿಳಿಸಿಯೇ ಹೊರಡುವುದೆಂದು ಮಾತಾಯಿತು. ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು, "ಬಾಣಂತಿ ಕೋಣೆಯಲ್ಲಿ ತಲೆದೆಸೆಗೆ ಕಬ್ಬಿಣ ಇಡುತ್ತಿದ್ದೆವು. ಇದೂ ಹಾಗೇ ಅಂತ ತಿಳಿದೆ" ಅಂದರು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಮಗುವನ್ನು ಕಾಯಬೇಕೆಂಬ ಆಸೆಗೆ ಕೈಗೆ ಸಿಕ್ಕಿದ್ದು ಒಂದು ತುಂಡು ಕಬ್ಬಿಣ, ಅಷ್ಟೇ.

ಕೊನೆಗೆ ಕೊಂಡದ್ದು ಕೆಂಪು ಹಿಡಿಯ, ಒಂದೇ ಅಲಗಿನ, ತಡೆಯಿರುವ ಸಾದಾ ಚಾಕು. ಚಾಕನ್ನು ಕೈಯಿಂದ ಕೈಗೆ ಕೊಡಬಾರದೆಂದು ಅತ್ತೆಯವರು ಅದನ್ನು ಮಣೆಯ ಮೇಲಿಟ್ಟರು, ಮಗಳು ಅಲ್ಲಿಂದ ತೆಗೆದುಕೊಂಡಳು. ಜಗಳವಾಗುತ್ತದೆ ಎಂಬುದು ಹಿರಿಯರ ನಂಬಿಕೆ. ಬೆರಳು ಕೊಯ್ಯದಿರಲು ಅದಕ್ಕಿಂತ ಒಳ್ಳೆಯ ಪದ್ಧತಿಯಿಲ್ಲವೆಂದು ನಾನೂ ಅದನ್ನೇ ಪಾಲಿಸುತ್ತೇನೆ.

ಬೆಂಗಳೂರಿನ ಆ ಬಾಡಿಗೆ ಮನೆಯಲ್ಲಿ ಮೂವರಿಗೂ ಈಗ ಅದೊಂದೇ ಚಾಕು. ಮೊನ್ನೆ ಫೋನಿನಲ್ಲಿ ಮಗಳದ್ದು ಒಂದೇ ದೂರು: "ಅಮ್ಮ, ಎಲ್ಲರೂ ಉಪಯೋಗಿಸ್ತಾರೆ, ಒರೆಸಿ ಇಡುವವಳು ನಾನೊಬ್ಬಳೇ." ಇನ್ನೊಂದು ಕಳಿಸುತ್ತೇನೆ ಎಂದಿದ್ದೇನೆ.

ನೀವೂ ಮುಂದಿನ ಸಂತೆಗೆ ಹೋಗುವ ಮೊದಲು ಒಂದು ವಾರ ನಿಮ್ಮ ಕೆಲಸಗಳನ್ನು ಬರೆದಿಡಿ. ಚಾಕು ಬೇಕೋ ಬೇಡವೋ, ಬೇಕಾದರೆ ಎಷ್ಟುದ್ದದ್ದು ಎಂದು ಆ ಪಟ್ಟಿಯೇ ಹೇಳುತ್ತದೆ. ಕೊಂಡರೆ ಮಹಾನವಮಿಯ ದಿನ ಮೆಟ್ಟುಗತ್ತಿಯ ಪಕ್ಕದಲ್ಲಿ ಅದಕ್ಕೂ ಒಂದು ಹೂವು ಇಡಲು ಮರೆಯಬೇಡಿ.