ಚಿತ್ರ ಪುಟದಲ್ಲಿರಲಿಲ್ಲ

ತೊಂಬತ್ತರ ದಶಕದಲ್ಲಿ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಕಲಿತವರಿಗೆಲ್ಲ ಒಂದು ಪ್ರಶ್ನೆ ಗೊತ್ತು. 256 ಕೆಬಿ ಮೀರಿದ ಚಿತ್ರವನ್ನು ಪುಟಕ್ಕೆ ತಂದರೆ, ಅದರ ಪ್ರತಿಯನ್ನು ಕಡತದೊಳಗೇ ಇಡಬೇಕೇ ಎಂದು ಪರದೆ ಕೇಳುತ್ತಿತ್ತು. ಹೌದೆಂದರೆ ಎಂಬೆಡ್, ಬೇಡವೆಂದರೆ ಲಿಂಕ್. ಬೆಂಗಳೂರಿನ ನಮ್ಮ ಡಿಟಿಪಿ (ಕಂಪ್ಯೂಟರ್ ಪುಟಜೋಡಣೆ) ಕೋಣೆಯಲ್ಲಿ ಬೇಡವೆನ್ನುವುದೇ ರೂಢಿಯಾಗಿತ್ತು.

ಕಾರಣ ಸರಳ. ನಾಲ್ಕು ಇಂಚು ಅಗಲ, ಆರು ಇಂಚು ಎತ್ತರದ ಬಣ್ಣದ ಫೋಟೊವನ್ನು 300 ಡಿಪಿಐನಲ್ಲಿ ನಾಲ್ಕು ಬಣ್ಣದ ಟಿಫ್ ಮಾಡಿದರೆ ಸುಮಾರು 8.6 ಎಂಬಿ, 1.44 ಎಂಬಿಯ ಫ್ಲಾಪಿಗಳು ಆರು ಬೇಕು. ಅಂಥ ಚಿತ್ರಗಳನ್ನು ಅಭಿನಂದನ ಗ್ರಂಥವೊಂದರ ಕಡತದೊಳಗೆ ತುಂಬಿದರೆ ಪ್ರತಿ ಸಲ ಸೇವ್ ಮಾಡುವಾಗಲೂ ಕಂಪ್ಯೂಟರ್ ಒದ್ದಾಡುತ್ತಿತ್ತು. ಲಿಂಕ್ ಮಾಡಿದರೆ ಪುಟದಲ್ಲಿ ಉಳಿಯುವುದು ಒರಟಾದ ನೆರಳುಚಿತ್ರ ಮತ್ತು ಮೂಲದ ವಿಳಾಸ ಮಾತ್ರ. ಫೋಟೊಶಾಪ್‌ನಲ್ಲಿ ಮೂಲವನ್ನು ತಿದ್ದಿ ಲಿಂಕ್ ಅಪ್‌ಡೇಟ್ ಮಾಡಿದರೆ ಪುಟದಲ್ಲೂ ಅದೇ ಬರುತ್ತಿತ್ತು.

ಮುದ್ರಣದ ಹಿರಿಯರಿಗೆ ಚಿತ್ರ ಹೀಗೆ ಪುಟದ ಹೊರಗಿರುವುದು ಹೊಸತೆನಿಸಲಿಲ್ಲ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಚಿತ್ರದ ಬ್ಲಾಕ್ ಬೇರೆ ಕಡೆ ತಯಾರಾಗಿ ಬರುತ್ತಿತ್ತು. ಆಫ್‌ಸೆಟ್ ಬಂದಾಗಲೂ ಪುಟದಲ್ಲಿ ಜಾಗ ಬಿಟ್ಟು ಚಿತ್ರದ ಫಿಲಂ ಅನ್ನು ಆಮೇಲೆ ಅಂಟಿಸುತ್ತಿದ್ದರು. ಚಿತ್ರವನ್ನು ಬೇರೆಯಾಗಿ ಜೋಪಾನ ಮಾಡಬೇಕೆಂಬ ಶಿಸ್ತು ಅವರ ಕೈಗೆ ಮೊದಲೇ ಒಗ್ಗಿತ್ತು. ಹಾಗಾಗಿ ಪುಸ್ತಕಕ್ಕೊಂದು ಫೋಲ್ಡರ್, ಚಿತ್ರದ ಹೆಸರಿನಲ್ಲೇ ಪುಟಸಂಖ್ಯೆ, ಫಿಲಂಗೆ ಕೊಡುವ ಮುನ್ನ ಲಿಂಕ್ ಪಟ್ಟಿಯ ತಪಾಸಣೆ ಎಂಬ ಪದ್ಧತಿ ಬೇಗ ನೆಲೆಯೂರಿತು. ಒಂದು ಚಿತ್ರ ಹಿಂದುಳಿದರೂ ಫಿಲಂ ಮೇಲೆ ಮುಖದ ಬದಲು ಚೌಕುಳಿಗಳು ಮೂಡುತ್ತಿದ್ದವು.

2001ರ ಏಳನೆಯ ಆವೃತ್ತಿಯೇ ಪೇಜ್‌ಮೇಕರ್‌ನ ಕೊನೆಯದು. ಮುಂದೆ ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ 'ಪ್ಯಾಕೇಜ್' ಆದೇಶ ಲಿಂಕ್‌ಗಳನ್ನೂ ಫಾಂಟ್‌ಗಳನ್ನೂ ಒಂದೆಡೆ ಕೂಡಿಸಿಕೊಟ್ಟಿತು. ಮುದ್ರಣಕ್ಕೆ ಪಿಡಿಎಫ್ ಹೋಗತೊಡಗಿತು; ಅದರಲ್ಲಿ ಚಿತ್ರಗಳೆಲ್ಲ ಒಳಗೇ ಇರುತ್ತವೆ. ಫಿಲಂ ಇಲ್ಲದೆ ನೇರವಾಗಿ ಪ್ಲೇಟ್ ಆಗುವ ಕಾಲ ಬಂತು. ಕೆಲಸ ಹಗುರವಾಯಿತು, ಫೋಲ್ಡರ್ ಕಾಯುವ ಅಭ್ಯಾಸವೂ ಸಡಿಲವಾಯಿತು.

ಅದರ ನಷ್ಟ ಕಾಣುವುದು ಮರುಮುದ್ರಣದ ಹೊತ್ತಿಗೆ. ಹಳೆಯ ಫಾಂಟ್‌ನ ಅಕ್ಷರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬಹುದು. ಆದರೆ ಲಿಂಕ್ ತಪ್ಪಿದ ಫೋಟೊದ ಜಾಗದಲ್ಲಿ ಉಳಿದಿರುವುದು ನೆರಳುಚಿತ್ರವಷ್ಟೇ. ಅದರಿಂದ ಮೂಲವನ್ನು ಮರಳಿ ಪಡೆಯಲಾಗದು. ಊರಿನ ಜಾತ್ರೆ, ಶಾಲೆಯ ಸುವರ್ಣ ಮಹೋತ್ಸವ, ರಂಗತಂಡದ ಮೊದಲ ಪ್ರಯೋಗ: ಎಷ್ಟೋ ಸ್ಮರಣ ಸಂಚಿಕೆಗಳ ಚಿತ್ರಗಳು ಹೀಗೆ ಕೈಬಿಟ್ಟುಹೋಗಿವೆ.

ಚಿಕ್ಕ ಲಾಂಛನವನ್ನು ಎಂಬೆಡ್ ಮಾಡಿದರೆ ಅಡ್ಡಿಯಿಲ್ಲ. ಪ್ರೆಸ್ಸಿಗೆ ಕಳಿಸಲು ಪಿಡಿಎಫ್ ಸಾಕು. ಆದರೆ ಪುಸ್ತಕ ಮಾಡಿಸುವವರು ಡಿಟಿಪಿಯವರ ಲೆಕ್ಕ ತೀರಿಸುವ ದಿನವೇ ಮೂಲಚಿತ್ರಗಳ ಫೋಲ್ಡರನ್ನೂ ಕೇಳಿ ಪಡೆಯಬೇಕು. ಎರಡನೆಯ ಮುದ್ರಣದ ಕೆಲಸ ಅಂದೇ ಅರ್ಧ ಮುಗಿದಿರುತ್ತದೆ.