ಹೆಬ್ಬೆರಳು ಬಿಟ್ಟು ನುಡಿಸು!

ಬೇಸ್ ಗಿಟಾರ್ ಕೊಂಡು 8 ತಿಂಗಳಾಗಿತ್ತು, ಎಡಗೈ ಮಣಿಕಟ್ಟು ನೋಯೋಕೆ ಶುರುವಾಯ್ತು. ಆಫೀಸಲ್ಲಿ ಕೀಬೋರ್ಡ್ ಮೇಲೆ ಕೈ ಇಟ್ಟರೂ ಚುಳುಕ್ ಅನ್ನೋದು. "ಅನ್ನ ಕೊಡೋ ಕೈ ಕಣೋ, ಮಾರಿಬಿಡು ಅದನ್ನ" ಅಂದ್ರು ಅಮ್ಮ. ಮಾರೋಕೆ ಅಂತ ಫೋಟೋನೂ ತೆಗೆದಿದ್ದೆ.

ಮೇಷ್ಟ್ರು ನೋಡಿ, "ಹೆಬ್ಬೆರಳು ತೆಗೆದು ನುಡಿಸು" ಅಂದ್ರು. ಆಗಲ್ಲ ಅಂದುಕೊಂಡೆ, ಆಯ್ತು! ತಂತಿ ಒತ್ತೋಕೆ ತೋಳಿನ ಭಾರವೇ ಸಾಕಿತ್ತು. ಇಷ್ಟು ದಿನ ನಾನು ಇಕ್ಕಳದ ಹಾಗೆ ಹಿಂಡ್ತಿದ್ದೆ, ಅದೂ ಎರಡು ಫ್ರೆಟ್ ಕಂಬಿಗಳ ನಟ್ಟನಡುವೆ. ಮುಂದಿನ ಕಂಬಿಗೆ ಅಂಟಿಕೊಂಡ ಹಾಗೆ ಬೆರಳಿಟ್ಟರೆ ಅಷ್ಟು ಬಲವೇ ಬೇಡ.

ಇನ್ನೊಂದು ಹಠ ನನ್ನದು: ಫ್ರೆಟ್ಟಿಗೊಂದು ಬೆರಳು. ಸಾಮಾನ್ಯ ಬೇಸ್‌ನ ತಂತಿ 34 ಇಂಚು, ಮೊದಲ ಫ್ರೆಟ್ಟೇ ಹತ್ತಿರಹತ್ತಿರ 2 ಇಂಚು ಅಗಲ. ನನ್ನ ಗಿಡ್ಡ ಬೆರಳಿಗೆ ಎಲ್ಲಿ ಎಟುಕಬೇಕು? ಡಬಲ್ ಬೇಸ್‌ನಿಂದ ಬಂದ ಸಿಮಾಂಡ್ಲ್ ಪದ್ಧತಿಯಲ್ಲಿ ಒಂದು ಸಲಕ್ಕೆ ಮೂರೇ ಫ್ರೆಟ್: ತೋರುಬೆರಳು, ನಡುಬೆರಳು, ಕಿರುಬೆರಳು. ಉಂಗುರಬೆರಳು ಕಿರುಬೆರಳಿಗೆ ಆಸರೆ. ಅದರಾಚೆಗೆ ಬೆರಳು ಚಾಚೋದಲ್ಲ, ಕೈಯನ್ನೇ ಜರುಗಿಸೋದು.

ಈಗ ದಿನಕ್ಕೆ 15 ನಿಮಿಷ, ನಿಧಾನಕ್ಕೆ. ನೋವು ಪೂರ್ತಿ ಹೋಗಿಲ್ಲ, ಚುಳುಕು ನಿಂತಿದೆ. ಫೋಟೋ ಡಿಲೀಟ್ ಮಾಡಿದೆ. ಅಮ್ಮ ಮಾತ್ರ ಕೇಳ್ತಾನೇ ಇರ್ತಾರೆ: "ಇರೋದೇ ನಾಲ್ಕು ತಂತಿ, ಅದಕ್ಕಿಷ್ಟು ಪಾಡಾ?"