ಆರು ಸಿಲಿಂಡರ್ ಕನಸು, ಸಿರುಗುಪ್ಪದ ದಾರಿ!

ತೆರೆಯ ಮೇಲೆ ಹೀರೋ ಕಾರಿನಿಂದ ಇಳಿದರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಆ ಶಿಳ್ಳೆಯಲ್ಲಿ ಅರ್ಧ ಹೀರೋಗೆ, ಇನ್ನರ್ಧ ಕಾರಿಗೆ. ಸುಳ್ಳು ಅಂತೀರಾ? ೧೯೬೮ರ 'ಜೇಡರ ಬಲೆ'ಯಲ್ಲಿ ಡಾ. ರಾಜ್ ಸಿ.ಐ.ಡಿ. ೯೯೯ ಆಗಿ ಬಂದಾಗಿನಿಂದ ಕನ್ನಡದ ಹುಡುಗರಿಗೆ ಕಾರಿನ ಹುಚ್ಚು ಹಿಡಿದದ್ದು ಇಳಿದೇ ಇಲ್ಲ.

ಹಳೇ ಚಿತ್ರಗಳ ಸಾಹುಕಾರನ ಬಂಗಲೆ ನೆನಪಿದೆಯಲ್ಲ? ಮುಂದೆ ಮೈಲುದ್ದದ ಇಂಪಾಲಾ ನಿಂತರೇನೇ ಅದಕ್ಕೆ ಕಳೆ. ಇಂಪಾಲಾ ಎಂದರೆ ಎಂಟು ಸಿಲಿಂಡರ್ ಎಂದೇ ಬಹಳ ಮಂದಿ ನಂಬಿದ್ದಾರೆ. ಅದೇ ಇಂಪಾಲಾವನ್ನು ಶೆವರ್ಲೆ ಕಂಪೆನಿ ಸಾಲಾಗಿ ಆರು ಸಿಲಿಂಡರ್ ಕೂರಿಸಿಯೂ ಮಾರಿತ್ತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಜೋಡಿಸಿದ ಡಾಡ್ಜ್, ಪ್ಲಿಮತ್ ಕಾರುಗಳಲ್ಲೂ ಆರೇ. ನಮ್ಮ ಅಂಬಾಸಿಡರ್, ನಮ್ಮ ಪದ್ಮಿನಿ? ಪಾಪ, ನಾಲ್ಕು! ಆರು ಎಂದರೆ ಸಾಹುಕಾರ, ನಾಲ್ಕು ಎಂದರೆ ಸಂಸಾರಿ. ಲೆಕ್ಕ ಆಗಲೇ ಹಾಗಿತ್ತು.

ಈಗ ಆ ಸಾಹುಕಾರನ ಕಾರು ಸಂಸಾರಿಯ ಕೈಗೆ ಎಟಕುವ ಬೆಲೆಗೆ ಬಂದು ನಿಂತಿದೆ. ಎಲ್ಲಿ ಗೊತ್ತೇ? ನಮ್ಮ ಬಳ್ಳಾರಿಯಲ್ಲೇ!

ಅದಿರು ಬಿಟ್ಟುಹೋದ ಗಾಡಿಗಳು

ಬಳ್ಳಾರಿಗೆ ದೊಡ್ಡ ಕಾರು ಬಂದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ೨೦೦೮ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಚೀನಾ ಅದಿರು ಅದಿರು ಅಂತ ಬಾಯಿ ಬಿಟ್ಟಿತು. ಸಂಡೂರಿನ ಕೆಂಪು ಮಣ್ಣು ಬಂಗಾರವಾಯಿತು. ಅದಿರಿನ ಲಾರಿಗಳ ಧೂಳಿನ ಹಿಂದೆಯೇ ಜಪಾನಿನ, ಜರ್ಮನಿಯ ಕಾರುಗಳೂ ಬಂದವು. ೨೦೧೧ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕಿತು. ಮೆರವಣಿಗೆ ಮುಗಿಯಿತು. ಕಾರುಗಳು ಕೈ ಬದಲಾಯಿಸಿದವು, ಮತ್ತೆ ಬದಲಾಯಿಸಿದವು... ಹೊಸದರಲ್ಲಿ ಇಪ್ಪತ್ತು ಲಕ್ಷ ದಾಟಿದ್ದ ಗಾಡಿ ಈಗ ಮೂರೋ ನಾಲ್ಕೋ ಲಕ್ಷ!

ನನ್ನ ಗೆಳೆಯನೊಬ್ಬನ ಕಣ್ಣು ಬಿದ್ದದ್ದು ಇಂಥದ್ದರ ಮೇಲೇ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ನಲವತ್ತು ಸಾವಿರ. ತಾಯಿಗೆ ಆರೋಗ್ಯ ಸರಿಯಿಲ್ಲ, ಬಳ್ಳಾರಿ ಬಿಟ್ಟು ಹೋಗುವ ಹಾಗಿಲ್ಲ. ಹೀಗಾಗಿ ದಿನಾ ಬಸ್ಸು. ೨೦೨೩ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದ ಪ್ರಯಾಣ ಶುರುವಾದ ಮೇಲೆ ಸೀಟು ಸಿಕ್ಕೋದು ಅಪರೂಪ ಅಂತ ಅವನ ಗೋಳು. ಐದು ವರ್ಷ ಹೊಟ್ಟೆ ಕಟ್ಟಿ ಉಳಿಸಿದ ಐದು ಲಕ್ಷ ಕೈಯಲ್ಲಿದೆ. "ತೊಗೊಂಡ್ರ ಆರು ಸಿಲಿಂಡರ್ರೇ ತೊಗೋಬೇಕು!" ಅಂದ. ಗಿರಣಿ ಮಾಲೀಕರು ಕುರುಗೋಡಿನ ಗೋದಾಮಿನ ಲೆಕ್ಕಕ್ಕೂ ಕರೆದಿದ್ದಾರಂತೆ. ಅದನ್ನಿನ್ನೂ ತೀರ್ಮಾನ ಮಾಡಿರಲಿಲ್ಲ.

ಸರಿ, ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಜಪಾನಿ ಸೆಡಾನು, ವಿ-ಸಿಕ್ಸ್, ಹದಿನಾಲ್ಕು ವರ್ಷದ್ದು. ದಲ್ಲಾಳಿಯೂ ಜೊತೆಗೆ ಬಂದ. ಪೆಟ್ರೋಲು ನಮ್ಮದು, ಮಾತು ಅವನದು!

ಆರರಲ್ಲಿ ಅಂಥದ್ದೇನಿದೆ?

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಅರ್ಧ ಸುತ್ತು ಬಂದಾಗ ಒಂದು ಒದೆತ. ಆರರಲ್ಲಿ ಮೂರನೇ ಒಂದು ಸುತ್ತಿಗೇ ಒಂದು ಒದೆತ. ಒಂದರ ಹಿಂದೆ ಒಂದು ಬೇಗ ಬೇಗ ಬರುವುದರಿಂದ ಎಳೆತದಲ್ಲಿ ಎಲ್ಲೂ ತುಂಡಾದ ಹಾಗೆ ಅನ್ನಿಸುವುದಿಲ್ಲ. ಸಾಲಾಗಿ ನಿಂತ ಆರಾದರೆ ಇನ್ನೂ ಚೆಂದ. ಒಂದು-ಆರು, ಎರಡು-ಐದು, ಮೂರು-ನಾಲ್ಕು ಹೀಗೆ ಜೋಡಿಜೋಡಿಯಾಗಿ ಏರಿಳಿಯುತ್ತವೆ. ಕೋಲಾಟದಲ್ಲಿ ಎದುರು ಬದುರಿನವರು ತಾಳ ತಪ್ಪದ ಹಾಗೆ! ಒಂದು ಜೋಡಿಯ ನಡುಕವನ್ನು ಇನ್ನೊಂದು ಜೋಡಿ ನುಂಗಿಹಾಕುತ್ತದೆ. ವಿ-ಸಿಕ್ಸ್ ಅಷ್ಟು ಪರಿಪೂರ್ಣ ಅಲ್ಲ. ಮೂರು ಮೂರು ಎದುರು ಬದುರು ಓರೆಯಾಗಿ ಕೂತಿರುತ್ತವೆ, ಸಣ್ಣ ಜಾಗದಲ್ಲಿ ಹಿಡಿಸಲಿ ಅಂತ ಮಾಡಿದ ಉಪಾಯ. ಆದರೂ ನಾಲ್ಕಕ್ಕಿಂತ ಮೆದು.

ಊರ ನಡುವಿನ ಕೋಟೆಯ ಏಕಶಿಲೆ ಬೆಟ್ಟ ಬೆನ್ನಿಗೆ ಬಿತ್ತು. ಹಿರಿಯೂರಿನ ಕಡೆಯಿಂದ ಬಂದು ಜೇವರ್ಗಿಯತ್ತ ಹೋಗುವ ೧೫೦-ಎ ಹೆದ್ದಾರಿ. ಗೆಳೆಯ ಕಾಲು ಒತ್ತಿದ. ಅಬ್ಬಾ! ಗದ್ದಲವಿಲ್ಲ, ಎಗರಾಟವಿಲ್ಲ. ಭತ್ತದ ಲಾರಿಯೊಂದನ್ನು ದಾಟಿದ್ದೇ ಗೊತ್ತಾಗಲಿಲ್ಲ. ಅವನ ಮುಖ ನೋಡಬೇಕಿತ್ತು, ಮೊದಲ ದಿನ ಮೊದಲ ಆಟಕ್ಕೆ ಟಿಕೆಟ್ ಸಿಕ್ಕ ಹುಡುಗನ ಮುಖ!

ರಸ್ತೆ ಹೇಳಿದ ಸತ್ಯ

ಆದರೆ ಈ ಕಡೆಯ ನೆಲ ಎರೆಭೂಮಿ ಸ್ವಾಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಎಷ್ಟೇ ಡಾಂಬರು ಸುರಿಯಿರಿ, ಕೆಳಗಿನ ಮಣ್ಣು ಸುಮ್ಮನಿರದು. ರಸ್ತೆ ಅಲೆಅಲೆಯಾಗಿ ನಿಲ್ಲುತ್ತದೆ. ಮೂಗು ಭಾರದ, ನೆಲಕ್ಕೆ ಹತ್ತಿರದ ಸೆಡಾನು ಆ ಅಲೆಯಲ್ಲಿ ತಲೆಬಾಗಿ ತಲೆಬಾಗಿ ನಮಸ್ಕಾರ ಹಾಕುತ್ತದೆ. ಪ್ರತಿ ನಮಸ್ಕಾರಕ್ಕೂ ಬುಷ್ಷು, ಶಾಕ್ ಅಬ್ಸಾರ್ಬರ್ ಸವೆಯುತ್ತವೆ. ಸುಗ್ಗಿಯಲ್ಲಿ ಇನ್ನೊಂದು ಸಂಕಟ: ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರೆ, ಉಳಿದರ್ಧದಲ್ಲಿ ಟ್ರ್ಯಾಕ್ಟರು. ಆರು ಸಿಲಿಂಡರಿನ ವೇಗ ಇಟ್ಟುಕೊಂಡು ಏನು ಮಾಡೋಣ?

ತೆಕ್ಕಲಕೋಟೆಯ ಕಲ್ಲುಗುಡ್ಡಗಳು ಬಂದವು. ೧೯೬೦ರ ದಶಕದಲ್ಲಿ ಅಗೆದು ನೋಡಿದಾಗ ನವಶಿಲಾಯುಗದ ಜನ ಬಾಳಿದ ಕುರುಹು ಸಿಕ್ಕ ಜಾಗ. ದನ ಸಾಕಿಕೊಂಡು, ಕಲ್ಲುಕೊಡಲಿ ಮಸೆದುಕೊಂಡು ಇದ್ದವರು. ಪೆಟ್ರೋಲಿನ ಚಿಂತೆ ಇರಲಿಲ್ಲ, ಪುಣ್ಯವಂತರು! ಅಲ್ಲಿ ಚಹಾಕ್ಕೆ ನಿಲ್ಲಿಸಿ, ಎಂಜಿನ್ನೂ ಎ.ಸಿ.ಯೂ ಓಡುತ್ತಲೇ ಇರಲಿ ಅಂದೆ. ದಲ್ಲಾಳಿಯ ಮುಖ ಸಣ್ಣಗಾಯಿತು. ಇಪ್ಪತ್ತು ನಿಮಿಷಕ್ಕೆ ಶಾಖದ ಮುಳ್ಳು ನಡುಗೆರೆ ಬಿಟ್ಟು ಮೇಲೇರತೊಡಗಿತು. "ಅದು ಹಂಗೇ ಅಣ್ಣಾ, ಬಳ್ಳಾರಿ ಬಿಸಿಲಲ್ಲವಾ!" ಅಂದ.

ಬಳ್ಳಾರಿ ಬಿಸಿಲು ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವುದು ನಿಜವೇ. ಆದರೆ ಸುಸ್ಥಿತಿಯ ಕಾರಿನ ಮುಳ್ಳು ಅದಕ್ಕೆ ಜಗ್ಗಬಾರದು. ಮುಳ್ಳು ಏರಿತೆಂದರೆ ರೇಡಿಯೇಟರ್ ಕಟ್ಟಿದೆ, ಇಲ್ಲವೇ ಫ್ಯಾನು ಸೋತಿದೆ, ಇಲ್ಲವೇ ನೀರಿನ ಪಂಪು ಹೋಗಿದೆ. ಅಲ್ಯೂಮಿನಿಯಂ ಹೆಡ್ ಒಮ್ಮೆ ಬಾಗಿತೋ, ಕಾರಿನ ಬೆಲೆಯಷ್ಟೇ ರಿಪೇರಿ! ವಿ-ಸಿಕ್ಸಿನಲ್ಲಿ ಹೆಡ್ಡುಗಳು ಎರಡು, ಮರೀಬೇಡಿ.

ಸಿರುಗುಪ್ಪದ ಲೆಕ್ಕದ ಪುಸ್ತಕ

ಸಿರುಗುಪ್ಪ ಬಂತು. ತುಂಗಭದ್ರೆಯ ನೀರು ಕುಡಿದ ಭತ್ತದ ನಾಡು, ಗಾಳಿಯಲ್ಲೇ ಹೊಸ ಅಕ್ಕಿಯ ವಾಸನೆ. ಇಲ್ಲಿ ಎಲ್ಲರ ಬದುಕೂ ಆ ನೀರಿನ ಮೇಲೇ. ೨೦೨೪ರ ಆಗಸ್ಟ್ ೧೦ರ ರಾತ್ರಿ ಜಲಾಶಯದ ೧೯ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಈ ಊರಿಗೆ ನಿದ್ದೆ ಇರಲಿಲ್ಲ. ನೀರಿದ್ದರೆ ಭತ್ತ, ಭತ್ತವಿದ್ದರೆ ಗಿರಣಿ, ಗಿರಣಿಯಿದ್ದರೆ ನನ್ನ ಗೆಳೆಯನ ಸಂಬಳ. ಗೇಟು ಕೈಕೊಟ್ಟರೂ ಪೆಟ್ರೋಲ್ ಬಂಕು ರಿಯಾಯಿತಿ ಕೊಡುತ್ತದೆಯೇ?

ಅಲ್ಲೇ ಖಾನಾವಳಿಯಲ್ಲಿ ಅವನ ಕೈಗೇ ಪೆನ್ನು ಕೊಟ್ಟೆ. ಲೆಕ್ಕದವನಲ್ಲವೇ! ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು ೫೫ ಕಿ.ಮೀ. ಹೋಗಿ ಬಂದರೆ ೧೧೦. ತಿಂಗಳಿಗೆ ೨೬ ದಿನ, ೨,೮೬೦ ಕಿ.ಮೀ. ಹಳೇ ವಿ-ಸಿಕ್ಸು ಎ.ಸಿ. ಹಾಕಿಕೊಂಡು ಲೀಟರಿಗೆ ೯ ಕೊಟ್ಟರೆ ೩೧೮ ಲೀಟರ್. ಲೀಟರಿಗೆ ಬರೀ ನೂರು ರೂಪಾಯಿ ಅಂತ ಹಿಡಿದರೂ ೩೧,೮೦೦ ರೂಪಾಯಿ. ಸಂಬಳ ಎಷ್ಟು? ೪೦,೦೦೦! ಲೀಟರಿಗೆ ೧೮ ಕೊಡುವ ಸಣ್ಣ ನಾಲ್ಕು ಸಿಲಿಂಡರ್ ಕಾರಿಗೆ ೧೫,೯೦೦.

ಕುರುಗೋಡಾದರೆ ಹೇಗೆ? ಸುಮಾರು ೩೦ ಕಿ.ಮೀ. ತಿಂಗಳಿಗೆ ೧,೫೬೦ ಕಿ.ಮೀ. ಆರಕ್ಕೆ ೧೭,೩೦೦, ನಾಲ್ಕಕ್ಕೆ ೮,೭೦೦ ರೂಪಾಯಿ. ಪೆನ್ನು ಕೆಳಗಿಟ್ಟ. ಊಟ ಅರ್ಧಕ್ಕೇ ನಿಂತಿತು. ಐದು ವರ್ಷದ ಉಳಿತಾಯ ಅದು, ನಗುವ ಮಾತಲ್ಲ.

ದೊಡ್ಡಬಸವನ ಮುಂದೆ

ಬರುವಾಗ ಒಳದಾರಿ ಹಿಡಿದು ಕುರುಗೋಡಿಗೆ ಬಂದೆವು. ಬೆಟ್ಟದ ಮಗ್ಗುಲಿನ ಊರು. ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ನಂದಿಯನ್ನು ಒಮ್ಮೆ ನೋಡಿ, ಮಾತೇ ಹೊರಡದು. ಎಷ್ಟು ಬಲ, ಎಷ್ಟು ಶಾಂತ! ಮೇವಿನ ಖರ್ಚೂ ಇಲ್ಲ. ಗುಡಿಯ ಹೊರಗೆ ಕೂತು, ಮಾರುಕಟ್ಟೆಯಲ್ಲಿ ಹಳೆಯದಾಗಿ ಸಿಗುವ ಆರರ ಪಟ್ಟಿ ಹಾಕಿದೆವು. ಆಸೆ ಇರುವವರಿಗೆ ಉಪಯೋಗವಾಗಲಿ ಅಂತ ಇಲ್ಲಿ ಹೇಳುತ್ತೇನೆ.

ಹೋಂಡಾ ಅಕಾರ್ಡ್ ವಿ-ಸಿಕ್ಸ್, ಟೊಯೊಟಾ ಕ್ಯಾಮ್ರಿಯ ಹಳೇ ೩ ಲೀಟರ್ ವಿ-ಸಿಕ್ಸ್: ಗಟ್ಟಿ ಎಂಜಿನ್ನುಗಳು. ಆದರೆ ಎರಡರಲ್ಲೂ ಒಳಗಿನ ಟೈಮಿಂಗ್ ರಬ್ಬರ್ ಬೆಲ್ಟು. ಬೆಲ್ಟು ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ಅಡ್ಡ ಕೂರಿಸಿದ ಎಂಜಿನ್ನಾದ್ದರಿಂದ ಹಿಂದಿನ ಮೂರು ಪ್ಲಗ್ಗು ಗೋಡೆಗೆ ಅಂಟಿಕೊಂಡಿರುತ್ತವೆ, ಮೆಕ್ಯಾನಿಕ್ಕಿನ ಕೂಲಿ ಅದಕ್ಕೇ ಜಾಸ್ತಿ.

ಸ್ಕೋಡಾ ಸೂಪರ್ಬ್ ೩.೬: ಇದರಲ್ಲಿ ಬೆಲ್ಟಿಲ್ಲ, ಚೈನು. ಎರಡು ಸಾಲು ಎಷ್ಟು ಹತ್ತಿರವೆಂದರೆ ಎರಡಕ್ಕೂ ಒಂದೇ ಹೆಡ್ಡು! ಗೇರುಪೆಟ್ಟಿಗೆ ಸೂಕ್ಷ್ಮ. ಪೇಟೆಯ ನಿಲ್ಲು-ಹೊರಡು ಓಡಾಟದಲ್ಲಿ ಎಳೆದಾಡುತ್ತದೆಯೋ ನೋಡಿ.

ಬಿ.ಎಂ.ಡಬ್ಲ್ಯು. ೩೨೫ಐ, ೫೨೫ಐ, ೫೩೦ಐ: ೨೦೦೭ರಲ್ಲಿ ಚೆನ್ನೈ ಕಾರ್ಖಾನೆ ಶುರುವಾದ ಮೇಲೆ ಬಂದ ಪೀಳಿಗೆಯಲ್ಲಿ ಸಾಲು-ಆರರ ಸೊಗಸೇ ಬೇರೆ. ಆದರೆ ನೀರಿನ ಪಂಪು ವಿದ್ಯುತ್ತಿನದು, ತಣ್ಣೀರಿನ ಸರಂಜಾಮು ಬಹುಪಾಲು ಪ್ಲಾಸ್ಟಿಕ್ಕು. ವಯಸ್ಸಾದ ಮೇಲೆ ನಮ್ಮ ಬಿಸಿಲಿಗೆ ಮೊದಲು ಸೋಲುವುದು ಅವೇ.

ಜೋಂಗಾ: ಜಬಲ್ಪುರದ ಕಾರ್ಖಾನೆ ಸೈನ್ಯಕ್ಕಾಗಿ ೧೯೯೯ರವರೆಗೆ ಮಾಡಿದ ಸುಮಾರು ೪ ಲೀಟರಿನ ಸಾಲು-ಆರು ಪೆಟ್ರೋಲ್ ಜೀಪು. ೨೦೧೯ರಲ್ಲಿ ಧೋನಿ ಒಂದು ಕೊಂಡ ಮೇಲೆ ಅದಕ್ಕೆ ಸ್ಟಾರ್ ಪಟ್ಟ! ಹಳ್ಳಿಗಳಲ್ಲಿ ಅನೇಕರು ಡೀಸೆಲ್ ಎಂಜಿನ್ ಕೂರಿಸಿಕೊಂಡಿದ್ದಾರೆ. ಆರ್.ಸಿ.ಯಲ್ಲಿ ಆ ಬದಲಾವಣೆ ನಮೂದಾಗಿರದಿದ್ದರೆ ಮುಟ್ಟಲೇಬೇಡಿ. ದಿನದ ಓಡಾಟಕ್ಕಂತೂ ಇದು ಪೆಟ್ರೋಲಿನ ಬಕಾಸುರ.

ಯಾವುದೇ ಇರಲಿ, ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡಿ. ನೀವು ಬರುವ ಮೊದಲೇ ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟಿನ ರೋಗ ಮುಚ್ಚಿಟ್ಟಿದ್ದಾರೆಂದು ಅನುಮಾನಿಸಿ. ಟೈರಿನ ಮೇಲಿನ ನಾಲ್ಕಂಕಿ ಓದಿ, ೨೩೧೮ ಎಂದರೆ ೨೦೧೮ರ ೨೩ನೇ ವಾರದ್ದು. ಸವೆಯದಿದ್ದರೂ ಮುದಿ ಟೈರು ಮುದಿ ಟೈರೇ. ೧೯೯೦ರ ಸೆಪ್ಟೆಂಬರ್ ೩೦ರಂದು ಆನಗೋಡಿನ ಹತ್ತಿರದ ರಸ್ತೆಯಲ್ಲಿ ಶಂಕರಣ್ಣನನ್ನು ಕಳೆದುಕೊಂಡವರು ನಾವು. ರಸ್ತೆಯ ಜೊತೆ ಹುಡುಗಾಟ ಬೇಡ.

ಕಾಗದದ ಕಡೆಯೂ ಕಣ್ಣಿರಲಿ. ಬಳ್ಳಾರಿಯ ನಂಬರ್ ಕೆ.ಎ. ೩೪. ಆಂಧ್ರದ ನಂಬರಿನ ಕಾರು ಅಗ್ಗ ಅಂತ ಕುಣಿಯಬೇಡಿ, ಅಲ್ಲಿಯ ಎನ್.ಒ.ಸಿ., ಇಲ್ಲಿಯ ತೆರಿಗೆ ಎರಡೂ ಬೇಕು. ಹದಿನೈದು ವರ್ಷ ತುಂಬಿದರೆ ಫಿಟ್ನೆಸ್ ಪರೀಕ್ಷೆ ಮಾಡಿಸಿ ಮರುನೋಂದಣಿ ಆಗಬೇಕು, ಮತ್ತೆ ಐದೈದು ವರ್ಷಕ್ಕೊಮ್ಮೆ. ಇನ್ನು ೨೦೨೫ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಆಯಿತು. ಹಳೇ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಬಿರುಕಿದೆಯೇ, ವಾಸನೆ ಬರುತ್ತಿದೆಯೇ ನೋಡಿಸಿ.

ಕೊನೆಗೆ ತೀರ್ಪು

ಗೆಳೆಯ ಆ ಬಿಳಿ ಸೆಡಾನು ಕೊಳ್ಳಲಿಲ್ಲ. ಕುರುಗೋಡಿನ ಕೆಲಸ ಒಪ್ಪಿಕೊಂಡ, ಎರಡೂವರೆ ಲಕ್ಷಕ್ಕೆ ಸಣ್ಣ ನಾಲ್ಕು ಸಿಲಿಂಡರಿನದೊಂದು ತಂದ. ಉಳಿದ ದುಡ್ಡು ಬ್ಯಾಂಕಿನಲ್ಲಿದೆ. "ಆರು ಬ್ಯಾಡ ಅಂದಿಲ್ಲಪಾ, ಈಗ ಬ್ಯಾಡ ಅಂದೀನಿ" ಅನ್ನುತ್ತಾನೆ. ಬುದ್ಧಿವಂತ.

ನೀವೂ ಹೀಗೆ ಕನಸು ಕಾಣುತ್ತಿದ್ದರೆ ಮೂರೇ ಮಾತು. ತಿಂಗಳ ಪೆಟ್ರೋಲು ಸಂಬಳದ ಕಾಲುಭಾಗ ದಾಟುವ ಹಾಗಿದ್ದರೆ ಆ ಕಾರು ನಿಮ್ಮದಲ್ಲ. ಕಾರಿನ ಬೆಲೆಯ ಅರ್ಧದಷ್ಟು ದುಡ್ಡು ರಿಪೇರಿಗೆಂದು ಪಕ್ಕಕ್ಕಿರಲಿ, ಯಾಕೆಂದರೆ ಇಂಥ ಗಾಡಿಯ ಸಾಮಾನಿಗೆ ಮುನ್ನೂರು ಕಿ.ಮೀ. ಆಚೆಯ ಬೆಂಗಳೂರನ್ನೇ ಕಾಯಬೇಕಾಗುತ್ತದೆ. ಮತ್ತೆ, ನೀವು ದಿನಾ ಹೋಗುವ ದಾರಿಯಲ್ಲೇ, ನೀವು ಹೋಗುವ ಹೊತ್ತಿನಲ್ಲೇ ಓಡಿಸಿ ನೋಡಿ. ಅಗ್ಗವಾದದ್ದು ಕಾರು ಮಾತ್ರ, ಸಾಹುಕಾರನ ಖರ್ಚು ಅಗ್ಗವಾಗಿಲ್ಲ!

ತೆರೆಯ ಮೇಲೆ ಹೀರೋ ಎಂದಾದರೂ ಪೆಟ್ರೋಲು ಹಾಕಿಸಿದ್ದನ್ನು ನೋಡಿದ್ದೀರಾ? ಅವನ ಟ್ಯಾಂಕು ತುಂಬಿಸಲು ನಿರ್ಮಾಪಕರಿದ್ದಾರೆ. ನಮ್ಮ ಚಿತ್ರಕ್ಕೆ ನಿರ್ಮಾಪಕರೂ ನಾವೇ, ಡ್ರೈವರೂ ನಾವೇ. ಏನಂತೀರಿ?